ಉಪ್ಪು ತಿಂದ ಕೀಲಿ

ಚೌತಿಗೆಂದು ಅಂಕೋಲೆಗೆ ಬಂದ ಬೆಂಗಳೂರಿನ ಅಳಿಯ ಎರಡು ಹೋಳಾದ ಕೀಬೋರ್ಡ್ ತಂದುಕೊಟ್ಟ. “ಬಸ್ಸಿನಲ್ಲಿ ಮುರೀತೇನೋ?” ಎಂದೆ.

“ಇಲ್ಲ ಮಾವ, ಇದು ಇರೋದೇ ಹೀಗೆ. ಎಡಗೈಗೊಂದು ಹೋಳು, ಬಲಗೈಗೊಂದು. ಕೀಲಿಗಳನ್ನೂ ಕಿತ್ತು ಬೇಕಾದಲ್ಲಿ ಕೂರಿಸಬಹುದು.”

“ಅದರಲ್ಲಿ ಹೊಸತೆಂತದು? ನಮ್ಮದರಲ್ಲಿ ಅವೇ ಕಿತ್ತು ಬರ್ತವೆ,” ಎಂದಳು ಅಡುಗೆಮನೆಯಿಂದ ಹೆಂಡತಿ.

ಸುಳ್ಳಲ್ಲ. ಕಿಟಕಿಯ ಸರಳನ್ನೇ ಬಿಡದ ಕಡಲ ಗಾಳಿ ಕೀಬೋರ್ಡನ್ನು ಬಿಟ್ಟೀತೇ? ನನ್ನ ಹಳೆಯದರಲ್ಲಿ ಮೊದಲು ಸತ್ತದ್ದು ಎಫ್. ಕೆದಕಲು ಹೋದರೆ ಕೀಲಿಯೇ ಕೈಗೆ ಬಂತು. ಇಂಗ್ಲಿಷಿನವರಿಗೆ ಹೋದದ್ದು ಒಂದಕ್ಷರ. ‘ನುಡಿ’ ತಂತ್ರಾಂಶದಲ್ಲಿ ಬರೆಯುವ ನನಗೆ ಒತ್ತಕ್ಷರಗಳೆಲ್ಲ ಹೋದವು. ಕಿನ್ನಿಕಂಬಳದ ಕೆ.ಪಿ. ರಾವ್ ಇಡೀ ಕನ್ನಡವನ್ನು 26 ಕೀಲಿಗಳಲ್ಲಿ ಕೂರಿಸಿದವರು. ‘ನುಡಿ’ಯೂ ಬಳಸುವ ಅವರ ವಿನ್ಯಾಸದಲ್ಲಿ ಅಕ್ಷರಕ್ಕೆ ಅಕ್ಷರ ಬೆಸೆಯುವ ಬೆಸುಗೆಯೇ ಎಫ್.

ಆಗ ನಾನು ಬರೆಯುತ್ತಿದ್ದದ್ದು 1930ರ ಅಂಕೋಲೆಯ ಉಪ್ಪಿನ ಸತ್ಯಾಗ್ರಹದ ಲೇಖನ. ಪರದೆಯ ಮೇಲೆ ಮೂಡಿದ್ದು ‘ಉಪಪಿನ ಸತಯಾಗರಹ’. ಕೀಲಿ ತಿಂದದ್ದಲ್ಲದೆ ತನ್ನ ಹೆಸರು ಬರೆಯಲೂ ಬಿಡದ ಉಪ್ಪು! ಕಾರವಾರ, ಅಂಕೋಲಾ, ಕುಮಟಾ, ಬಂಗುಡೆ, ಸಿಗಡಿ ಇವಕ್ಕೆಲ್ಲ ಎಫ್ ಬೇಡ, ನಿಶ್ಚಿಂತೆ. ಹೊನ್ನಾವರಕ್ಕೆ ಬಂದರೆ ಗಾಡಿ ನಿಂತಿತು. ‘ಕನ್ನಡ’ವಂತೂ ‘ಕನನಡ’.

ಹೊಸ ಹೋಳುಗಳನ್ನು ಮೇಜಿನ ಮೇಲಿಟ್ಟೆ. ಎಡಕ್ಕೆ ಕಾರವಾರದ ಕೋಡಿಬಾಗ, ಬಲಕ್ಕೆ ಸದಾಶಿವಗಡ, ನಡುವೆ ಕಾಳಿ ನದಿ. ಎರಡನ್ನೂ ಜೋಡಿಸುವ ತಂತಿಯೇ ಸೇತುವೆ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿಯ ಹಳೆಯ ಸೇತುವೆ ಕುಸಿದಾಗಿನಿಂದ ನಮಗೆ ಸೇತುವೆ ಎಂದರೆ ಗುಮಾನಿ. ತಂತಿಯನ್ನು ಎರಡು ಸಲ ಎಳೆದು ನೋಡಿಯೇ ಕೂತೆ. ‘ಕಾರವಾರ’ ಬರೆಯಲು ಹೊಳೆ ಒಮ್ಮೆ ದಾಟಿದರಾಯಿತು: ‘ಕ’ ಮಾತ್ರ ಸದಾಶಿವಗಡದಲ್ಲಿ, ಮಿಕ್ಕದ್ದೆಲ್ಲ ಕೋಡಿಬಾಗದಲ್ಲಿ. ‘ಕನ್ನಡ’ಕ್ಕೆ ಮೂರು ಸಲ ದಾಟಬೇಕು. ಕನ್ನಡ ಕಷ್ಟ ಎನ್ನುವವರು ಇಷ್ಟು ಓಡಾಡಿ ಹೇಳಲಿ.

“ಹಳೆಯದಕ್ಕೆ ನಡುವೆ ಜಾಗವೇ ಇರ್ಲಿಲ್ಲ,” ಎನ್ನುತ್ತ ಹೆಂಡತಿ ಕಾಳಿ ನದಿಯಲ್ಲಿ ಚಹಾದ ಲೋಟ ಇಟ್ಟು ಹೋದಳು. ಈ ಕೀಬೋರ್ಡಿಗೆ ಅವಳಿಂದ ಸಿಕ್ಕ ಒಂದೇ ಶಿಫಾರಸು ಅದು.

ಕರಾವಳಿಯ ಬಂಧುಗಳೇ, ಕೀಬೋರ್ಡ್ ಒಂದು ಹೋಳೋ ಎರಡೋ, ನಿಮ್ಮಿಷ್ಟ. ಮಳೆಗಾಲಕ್ಕೆ ಒಣಮೀನು ತೆಗೆದಿಡುವಾಗ ಎಫ್ ಕೀಲಿಯೊಂದನ್ನೂ ತೆಗೆದಿಡಿ. ಅದೇ ಡಬ್ಬಿಯಲ್ಲಿ ಮಾತ್ರ ಬೇಡ, ಅಲ್ಲೂ ಉಪ್ಪಿದೆ.