ಕಡ್ಲೆಪುರಿ ಭಕ್ತಿ

ವರ್ಷಕ್ಕೊಂದೇ ಸಲ ಬಾಗಿಲು ತೆಗೆದು, ವರ್ಷದ ಅರ್ಜಿಗಳನ್ನೆಲ್ಲ ಒಟ್ಟಿಗೇ ತೆಗೆದುಕೊಂಡು, ಒಂದಕ್ಕೂ ಹಿಂಬರಹ ಕೊಡದೆ ಮತ್ತೆ ಬೀಗ ಹಾಕಿಕೊಂಡರೂ ಜನರಿಂದ ಒಂದು ಮಾತು ಅನ್ನಿಸಿಕೊಳ್ಳದವಳು ನಮ್ಮ ಜಿಲ್ಲೆಯಲ್ಲಿ ಹಾಸನಾಂಬೆ ಒಬ್ಬಳೇ. ತಹಸೀಲ್ದಾರರು ಹೀಗೆ ಮಾಡಲಿ ನೋಡೋಣ! ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಅರಸು ಮನೆತನದವರು ಬಾಳೆಕಂದು ಕಡಿಯುತ್ತಾರೆ, ಬಾಗಿಲು ತೆರೆಯುತ್ತದೆ. ದೀಪಾವಳಿಯ ಪಾಡ್ಯ ಕಳೆದದ್ದೇ ಮುಚ್ಚುತ್ತದೆ. ಆಮೇಲೆ ಹುಂಡಿ ಎಣಿಕೆ. ನೋಟು, ಚಿಲ್ಲರೆ, ಚಿನ್ನದ ಚೂರಿನ ನಡುವೆ ಚೀಟಿಗಳೂ ಸಿಗುತ್ತವೆ. ಮಾರನೆಯ ದಿನ ಪೇಪರಿನವರಿಗೆ ಅದೇ ಹಬ್ಬದೂಟ. ಪರೀಕ್ಷೆ ಪಾಸು ಮಾಡಿಸಮ್ಮ, ಇಷ್ಟಪಟ್ಟವನ ಜೊತೆಗೇ ಮದುವೆ ಮಾಡಿಸಮ್ಮ, ಕೆಲಸ ಕೊಡಿಸಮ್ಮ, ಸಾಲ ತೀರಿಸಮ್ಮ.

ಆ ಪೇಪರು ಕೈಗೆ ಸಿಕ್ಕ ದಿನ ನಮ್ಮ ಭಾವನಿಗೆ ಕಾಫಿಯೂ ಬೇಡ. ಭಾವ ಅಂದರೆ ನನ್ನ ಹೆಂಡತಿಯ ಅಣ್ಣ, ಚನ್ನರಾಯಪಟ್ಟಣದವರು, ಬ್ಯಾಂಕಿನ ಸಾಲದ ವಿಭಾಗದಲ್ಲಿ ದುಡಿದು ರಿಟೈರ್ ಆದವರು. ಹಾಗಾಗಿ ಅವರ ಕಣ್ಣಿಗೆ ಭಕ್ತರೆಲ್ಲ ಸಾಲಗಾರರು, ದೇವರೆಲ್ಲ ಮ್ಯಾನೇಜರು. “ಒಬ್ಬನಾದ್ರೂ ‘ಅಮ್ಮಾ, ಹೇಗಿದ್ದೀಯ’ ಅಂತ ಬರ್ದಿದ್ದಾನಾ ನೋಡ್ರೀ. ಎಲ್ಲಾ ಬೇಕು ಬೇಕು ಬೇಕು. ಇದಕ್ಕೆ ಭಕ್ತಿ ಅಂತೀರಾ? ಜಾಮೀನಿಲ್ಲದ ಸಾಲ ಕಣ್ರೀ ಇದು!” ಇಷ್ಟೆಲ್ಲ ಹೇಳುವ ಭಾವ ಹಾಸನಾಂಬೆಯ ದರ್ಶನಕ್ಕೆ ಪ್ರತಿ ವರ್ಷ 300 ರೂಪಾಯಿ ಟಿಕೆಟ್ಟಿನ ಸಾಲಿನಲ್ಲಿ ನಿಲ್ಲುತ್ತಾರೆ. ಕೇಳಿದರೆ, ಮನೆಯವರ ಒತ್ತಾಯ. 1000ದ ಟಿಕೆಟ್ ಯಾಕಿಲ್ಲ ಅಂದರೆ, ಅಷ್ಟು ಒತ್ತಾಯ ಇಲ್ಲ.

ಹಾಸನಾಂಬೆಯ ಕಥೆಗಳೂ ಭಾವನ ಪಕ್ಷಕ್ಕೆ ಸುಲಭವಾಗಿ ಒಗ್ಗುವುದಿಲ್ಲ. ದಿನಾ ಗುಡಿಗೆ ಬರುತ್ತಿದ್ದ ಸೊಸೆಯೊಬ್ಬಳನ್ನು ಅತ್ತೆ ಹಿಂಬಾಲಿಸಿ ಬಂದು ತಲೆಗೆ ಬಟ್ಟಲಿನಿಂದ ಕುಟ್ಟಿದಳಂತೆ. ಸೊಸೆ “ಅಮ್ಮಾ” ಎಂದು ಕೂಗಿಕೊಂಡಳು, ದೇವಿ ಅವಳನ್ನು ಕಲ್ಲು ಮಾಡಿ ತನ್ನ ಎದುರಿಗೇ ಇಟ್ಟುಕೊಂಡಳು. ಆ ಕಲ್ಲು ವರ್ಷಕ್ಕೊಂದು ಅಕ್ಕಿಕಾಳಿನಷ್ಟು ದೇವಿಯ ಕಡೆಗೆ ಸರಿಯುತ್ತದೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಅನ್ನುತ್ತಾರೆ. ಅದೇ ದೇವಿ, ಒಡವೆ ಕದಿಯಲು ಬಂದ ನಾಲ್ವರು ಕಳ್ಳರನ್ನೂ ಕಲ್ಲು ಮಾಡಿದಳು. ಅವರಿಗೆ ಕಳ್ಳಪ್ಪನ ಗುಡಿ ಅಂತ ಒಂದು ಗುಡಿಯೂ ಇದೆ! ಏನೂ ಬೇಡದೆ ಬಂದವಳಿಗೂ ಕಲ್ಲು, ಬಾಚಿಕೊಂಡು ಹೋಗಲು ಬಂದವರಿಗೂ ಕಲ್ಲು. ಲಾಭದ ಲೆಕ್ಕ ಹಾಕುವವನು ಇಂಥ ದೇವಿಯ ಹತ್ತಿರ ಖಾತೆ ತೆರೆದಾನೆಯೇ? (ಈ ಕಥೆಯನ್ನು ನಮ್ಮ ಅತ್ತೆಯ ಎದುರಿಗೆ ನಾನು ಹೇಳುವುದಿಲ್ಲ. ಅವರಿಗೆ ಮೂವರು ಸೊಸೆಯರು.)

ಭಾವ ಸೋಲುವ ಆಸಾಮಿಯಲ್ಲ. ಷಷ್ಠಿಗೆ ಅರಕಲಗೂಡು ತಾಲ್ಲೂಕಿನ ರಾಮನಾಥಪುರಕ್ಕೆ ಹೋಗಿದ್ದೆವು. ಸುಬ್ರಹ್ಮಣ್ಯನ ದರ್ಶನ ಮುಗಿಸಿಕೊಂಡು ಕಾವೇರಿಯ ಮೆಟ್ಟಿಲಿಗೆ ಇಳಿದರೆ ವಹ್ನಿಪುಷ್ಕರಿಣಿಯ ಮೀನುಗಳು. ಮೊಳದುದ್ದದವು, ಬೆನ್ನು ಕಪ್ಪಗೆ, ಯಾರೂ ಹಿಡಿಯುವುದಿಲ್ಲವಾದ್ದರಿಂದ ಯಾರಿಗೂ ಹೆದರುವುದಿಲ್ಲ. ಭಾವ ಕಡ್ಲೆಪುರಿ ಪೊಟ್ಟಣ ಬಿಚ್ಚಿ ಒಂದು ಹಿಡಿ ಎರಚಿದ್ದೇ ತಡ, ನೀರು ಕುದಿ ಬಂದ ಹಾಗೆ ಎದ್ದಿತು. ಒಂದರ ಬೆನ್ನ ಮೇಲೊಂದು, ಬಾಯಿ ಅಗಲಿಸಿಕೊಂಡು. “ಇಗೋ, ನಿಮ್ಮ ಭಕ್ತರು!” ಅಂದರು ಭಾವ. ಪೊಟ್ಟಣ ಖಾಲಿಯಾಯಿತು. ತಮಾಷೆಗೆ ಬರಿಗೈ ಆಡಿಸಿದರು. ಮೀನುಗಳು ಆಗಲೂ ಬಂದವು, ಬಾಯಿ ತೆರೆದುಕೊಂಡೇ ನಿಂತವು. “ಮೋಸ ಹೋದ್ವು ಪಾಪ” ಅಂದರು. “ಭಾವ, ನಂಬಿಕೆ ಅನ್ನೋದು ಇದಕ್ಕೇ ಅಲ್ವಾ?” ಅಂದೆ. ಬಸ್ ಹತ್ತುವವರೆಗೂ ಮಾತಾಡಲಿಲ್ಲ.

ಹೊಳೆನರಸೀಪುರ ಬರುವಷ್ಟರಲ್ಲಿ ಹೊಸ ಸಾಕ್ಷಿ ಸಿದ್ಧವಾಗಿತ್ತು. ನರಸಿಂಹನ ಊರಾದ್ದರಿಂದ ಪ್ರಹ್ಲಾದನೇ ಬಂದ. ಭಾಗವತದಲ್ಲಿ ನರಸಿಂಹ ವರ ಕೇಳು ಎಂದಾಗ ಆ ಹುಡುಗ, ನಿನ್ನಿಂದ ಏನನ್ನೋ ಬಯಸಿ ನಿನ್ನ ಸೇವೆ ಮಾಡುವವನು ಸೇವಕನಲ್ಲ, ವ್ಯಾಪಾರಿ ಎಂದುಬಿಡುತ್ತಾನೆ. ಕೊಡಲೇಬೇಕೆಂದಿದ್ದರೆ ನನ್ನ ಮನಸ್ಸಿನಲ್ಲಿ ಆಸೆಯೇ ಮೊಳೆಯದ ಹಾಗೆ ಮಾಡು ಅನ್ನುತ್ತಾನೆ. “ನೋಡಿದ್ರಾ, ಅದು ಭಕ್ತಿ!” ಭಾವ ತೊಡೆ ತಟ್ಟಿಕೊಂಡರು. ಮುಂದಿನ ಪುಟ ಓದಿಲ್ಲ ಅಂತ ಕಾಣುತ್ತದೆ. ಅಷ್ಟೆಲ್ಲ ಹೇಳಿದ ಪ್ರಹ್ಲಾದ ಹಿಂದೆಯೇ ಒಂದು ಅರ್ಜಿ ಕೊಟ್ಟೇ ಕೊಟ್ಟ: ನಮ್ಮಪ್ಪನನ್ನು ಪಾವನ ಮಾಡು ಅಂತ. ಬೆಂಕಿಗೆ ಹಾಕಿಸಿದ, ಆನೆಯಿಂದ ತುಳಿಸಿದ, ವಿಷ ಕೊಡಿಸಿದ ಅಪ್ಪನಿಗಾಗಿ! ಇದನ್ನು ಯಾವ ಖಾತೆಯಲ್ಲಿ ಬರೆದುಕೊಳ್ಳುತ್ತೀರಿ ಭಾವ? ಗೀತೆಯ ಕೃಷ್ಣನಿಗಂತೂ ಈ ತಲೆನೋವೇ ಇಲ್ಲ. ಕಷ್ಟ ಬಂದು ಬಂದವನು, ತಿಳಿಯಲು ಬಂದವನು, ಹಣಕ್ಕೆ ಬಂದವನು, ಜ್ಞಾನಿ ಎಂದು ನಾಲ್ಕು ಬಗೆ ಮಾಡಿ, ಜ್ಞಾನಿ ನನಗೆ ಹೆಚ್ಚು ಎಂದರೂ, ನಾಲ್ವರೂ ಉದಾರರೇ ಎಂದು ಒಳಗೆ ಬಿಟ್ಟುಕೊಂಡ.

ಹೊಳೆನರಸೀಪುರ ಅಂದಮೇಲೆ ನಿಂಬೆಹಣ್ಣು ಬಿಟ್ಟರೆ ಊರಿನವರು ಬೇಜಾರು ಮಾಡಿಕೊಂಡಾರು. ಈ ಊರಿನ ಎಚ್.ಡಿ. ರೇವಣ್ಣನವರು ಲೋಕೋಪಯೋಗಿ ಸಚಿವರಾಗಿದ್ದಾಗ ಅವರ ಕೈಯ ನಿಂಬೆಹಣ್ಣು ವಿಧಾನಸಭೆಯವರೆಗೂ ಚರ್ಚೆಯಾಯಿತು. 2019ರ ಜುಲೈನಲ್ಲಿ ಅವರಿದ್ದ ಸರ್ಕಾರ ಬಿತ್ತು, ನಿಂಬೆಹಣ್ಣು ಎತ್ತಿ ಹಿಡಿಯಲಿಲ್ಲ. ಆದರೂ ಅವರು ಅದರ ಸಹವಾಸ ಬಿಟ್ಟರೆಂದು ಯಾರೂ ಹೇಳಿದ್ದು ನಾನು ಕೇಳಿಲ್ಲ. ಭಾವ ನಕ್ಕರು. ನಾನು ಅರ್ಧ ಮಾತ್ರ ನಕ್ಕೆ. ಕೇಳುವುದರಲ್ಲಿ ಏನು ತಪ್ಪಿದೆಯೋ ನನಗೆ ಕಾಣದು. ಕೇಳಿದ್ದು ಸಿಗದಾಗ ಮನುಷ್ಯ ಏನು ಮಾಡುತ್ತಾನೆ ಅಂತ ನೋಡಬೇಕು. ಪೇಪರಿನವರು ಚೀಟಿ ಓದುತ್ತಾರೆ, ಚೀಟಿ ಹಾಕಿಯೂ ಫೇಲಾದ ಹುಡುಗ ಮರುವರ್ಷ ಧರ್ಮದರ್ಶನದ ಸಾಲಿನಲ್ಲಿ ನಿಂತದ್ದನ್ನು ಯಾರು ಬರೆದಾರು?

ಇಷ್ಟಕ್ಕೂ ಏನನ್ನೂ ಕೊಡದ ದೇವರು ಭಾವನ ತಾಲ್ಲೂಕಿನಲ್ಲೇ ನಿಂತಿದ್ದಾನೆ. 58 ಅಡಿ ಎತ್ತರ, ಮೈಮೇಲೆ ಒಂದು ನೂಲೂ ಇಲ್ಲ. ಗೆದ್ದ ರಾಜ್ಯವನ್ನೇ ಅಣ್ಣನಿಗೆ ಬಿಟ್ಟು ಬಂದ ಬಾಹುಬಲಿಯ ಹತ್ತಿರ ಏನು ಕೇಳುತ್ತೀರಿ? ಪ್ರಮೋಷನ್ನೇ? ಜೈನಶಾಸ್ತ್ರವೂ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಸಲ್ಲೇಖನ ಹಿಡಿದು ಅನ್ನ ನೀರು ಬಿಟ್ಟವನೂ ಇದರ ಫಲವಾಗಿ ಮುಂದೆ ಸುಖ ಸಿಗಲಿ ಅಂದುಕೊಂಡರೆ ಅದು ‘ನಿದಾನ’ವೆಂಬ ದೋಷ. ಎದುರಿನ ಚಂದ್ರಗಿರಿಯ ಬಂಡೆಗಳ ತುಂಬ ಹಾಗೆ ಪ್ರಾಣ ಬಿಟ್ಟವರ ಹೆಸರುಗಳಿವೆ. ಅವರಲ್ಲಿ ಎಷ್ಟು ಜನ ಆ ದೋಷ ದಾಟಿದರೋ, ಬಂಡೆ ಹೇಳುವುದಿಲ್ಲ.

ಆದರೆ ಬಯಕೆ ಬಲು ಚಾಲಾಕಿ, ಕೇಳದೆಯೂ ಒಳಗೆ ನುಗ್ಗುತ್ತದೆ. 10ನೇ ಶತಮಾನದಲ್ಲಿ ಈ ಮೂರ್ತಿ ಮಾಡಿಸಿದ ಚಾವುಂಡರಾಯ ಸ್ವಾಮಿಯಿಂದ ಏನನ್ನೂ ಬೇಡಲಿಲ್ಲ. ಕೊಡಗಟ್ಟಲೆ ಹಾಲು ಸುರಿಸಿದ, ಅಷ್ಟೆ. ಹಾಲು ಸೊಂಟದಿಂದ ಕೆಳಗಿಳಿಯಲಿಲ್ಲವಂತೆ. ಮಾಡಿಸಿದವನು ನಾನು ಅನ್ನುವುದು ಎಲ್ಲೋ ಅಡ್ಡ ನಿಂತಿತ್ತು. ಒಬ್ಬ ಮುದುಕಿ ಗುಳ್ಳಕಾಯಿಯ ಓಡಿನಲ್ಲಿ ತಂದ ಒಂದು ಗುಟುಕು ಹಾಲು ಪಾದ ತೊಳೆದು ಬೆಟ್ಟ ಇಳಿಯಿತು. ಆ ಗುಳ್ಳಕಾಯಜ್ಜಿ ಇವತ್ತಿಗೂ ಗೊಮ್ಮಟನ ಎದುರಿಗೇ ನಿಂತಿದ್ದಾಳೆ, ಓಡು ಹಿಡಿದುಕೊಂಡು. ಅವಳ ಕಣ್ಣೆದುರಿಗೇ 2018ರ ಮಹಾಮಸ್ತಕಾಭಿಷೇಕದ ಮೊದಲ ಕಲಶದ ಬೆಲೆ 11 ಕೋಟಿ ರೂಪಾಯಿ ದಾಟಿತು. ಅಜ್ಜಿ ಏನೂ ಅನ್ನಲಿಲ್ಲ.

ನಮ್ಮ ಅತ್ತೆಗೆ, ಅಂದರೆ ಭಾವನ ತಾಯಿಗೆ, ಮಂಡಿನೋವು. ವಾಸಿಯಾದರೆ ನಡೆದೇ ಬೆಟ್ಟ ಹತ್ತುತ್ತೇನೆಂದು ಹರಕೆ. ಭಾವ ಇದನ್ನು ಬಹಳ ಮೆಚ್ಚಿಕೊಂಡಿದ್ದರು: ವಾಸಿಯಾಗದಿದ್ದರೆ ಹತ್ತುವ ಹಾಗೇ ಇಲ್ಲ, ಯಾರಿಗೂ ನಷ್ಟವಿಲ್ಲದ ಕರಾರು. ನೋವು ಹೋಗಲಿಲ್ಲ. ಕಳೆದ ಸಂಕ್ರಾಂತಿ ಮುಗಿದ ಮೇಲೆ ಅತ್ತೆ ಹೊರಟು ನಿಂತರು. 600ಕ್ಕೂ ಹೆಚ್ಚು ಮೆಟ್ಟಿಲು. ಡೋಲಿ ಬೇಡವಂತೆ. ಒಂದಷ್ಟು ಹತ್ತಿ, ಕೂತು, ಮಂಡಿ ಒತ್ತಿಕೊಂಡು, ಮತ್ತೆ ಹತ್ತಿ. ಅರ್ಧ ದಾರಿಯಲ್ಲಿ ಭಾವ ತಡೆಯಲಾರದೆ, “ಅವ್ವಾ, ಅವನು ವಾಸಿ ಮಾಡ್ಲಿಲ್ಲ, ನಿನ್ ಹರಕೆ ಬಿದ್ದೋಯ್ತು ಕಣವ್ವ!” ಅಂದರು.

“ವಾಸಿಯಾಗಾಗಂಟ ಕಾಯ್ತಾ ಕುಂತ್ರೆ ನಾನು ಸ್ವಾಮೀನ ನೋಡಾದ್ ಯಾವಾಗ್ಲಾ? ವಸಿ ನೀರು ಕೊಡು.”

ಮೇಲೆ ಹೋಗಿ, ಪಾದಕ್ಕೆ ಕೈಮುಗಿದು, ಎಲ್ಲರಿಗೂ ಕೇಳುವ ಹಾಗೆ ಅಂದರು: “ಬಂದಿವ್ನಿ ಕಣಪ್ಪ. ಇನ್ನಾದ್ರೂ ಈ ಮಂಡಿ ಕಡೆ ನೋಡು.”

ಭಾವ ಗೆದ್ದವರ ಹಾಗೆ ನನ್ನ ಕಡೆ ತಿರುಗಿದರು. “ನೋಡಿದ್ರಾ? ಕೇಳೇಬಿಟ್ಳು!”

“ಮುಂದಿನ ವರ್ಷಾನೂ ಬರ್ತಾರೆ, ಬಿಡಿ ಭಾವ.”

“ಇಳಿಯೋಕೆ ಡೋಲಿ ದುಡ್ಡು ನೀವು ಕೊಡ್ತೀರಾ, ಹಾಗಾದ್ರೆ?”