ವಾಯಿದೆಗೆ ಹೆದರುವ ವಕೀಲರು

ಸಿವಿಲ್ ವಕೀಲರಿಗೆ ವಾಯಿದೆಯಷ್ಟು ಹಿತವಾದದ್ದು ಇನ್ನೊಂದಿಲ್ಲ. ದಾವೆ ಹೂಡಿದವರು ಮುದುಕರಾಗುತ್ತಾರೆ, ಅವರ ವಾರಸುದಾರರು ರೆಕಾರ್ಡಿಗೆ ಬರುತ್ತಾರೆ, ನ್ಯಾಯಾಧೀಶರಿಗೆ ವರ್ಗವಾಗುತ್ತದೆ. ಗದ್ದೆ ಮಾತ್ರ ಇದ್ದಲ್ಲೇ ಇರುತ್ತದೆ. ಮುಂದಿನ ತಾರೀಕಿನೊಳಗೆ ಎಲ್ಲಿಗೂ ಓಡಿಹೋಗದಿರುವುದು ಗದ್ದೆಯ ದೊಡ್ಡ ಗುಣ. ಆ ಗುಣದ ಬಲದಿಂದಲೇ ಎಷ್ಟೋ ವಕೀಲರ ಮನೆಗೆ ಎರಡನೇ ಮಹಡಿ ಎದ್ದಿದೆ.

ಹಡಗಿನ ವಕೀಲರಿಗೆ ಈ ಸುಖವಿಲ್ಲ. ಅವರ ಪ್ರತಿವಾದಿ ಶುಕ್ರವಾರ ಸಂಜೆ ಬಂದರಿಗೆ ಬಂದು, ಕಲ್ಲಿದ್ದಲು ಇಳಿಸಿ, ಭಾನುವಾರ ಬೆಳಗಿನ ಉಬ್ಬರಕ್ಕೆ ಸಿಂಗಪುರದ ಕಡೆ ಹೊರಟುಬಿಡುತ್ತದೆ. ‘ಸೋಮವಾರ ನೋಡೋಣ’ ಎಂದು ಕೋರ್ಟು ಅಂದರೆ ಸೋಮವಾರ ನೋಡಲು ಉಳಿಯುವುದು ನೀರು. ಜಾಮೀನಿನ ವಕೀಲರನ್ನು ಬಿಟ್ಟರೆ, ಕರಿಕೋಟಿನ ಕುಲದಲ್ಲಿ ‘ಇವತ್ತೇ ಕೇಳಿ, ಈಗಲೇ ಕೇಳಿ’ ಎಂದು ಬೆವರು ಒರೆಸಿಕೊಳ್ಳುವವರು ಇವರೇ.

ಇವರ ಮೂಲಸ್ಥಾನ ಮುಂಬೈ ಕೋಟೆ ಪ್ರದೇಶದ ಬಲ್ಲಾರ್ಡ್ ಎಸ್ಟೇಟ್. ಚೆನ್ನೈ, ಕೊಚ್ಚಿ, ಕೋಲ್ಕತ್ತಗಳಲ್ಲೂ ಇದ್ದಾರೆ. ಎಲ್ಲಿದ್ದರೂ ಗುರುತು ಹಿಡಿಯುವುದು ಸುಲಭ. ಮದುವೆಮನೆಯಲ್ಲಿ ಬಲಗೈ ಎಲೆಯ ಮೇಲೆ, ಎಡಗೈ ಫೋನಿನ ಮೇಲೆ. ಫೋನಿನಲ್ಲಿ ಷೇರುಪೇಟೆಯೂ ಇಲ್ಲ, ಕ್ರಿಕೆಟ್ಟೂ ಇಲ್ಲ. ಅರಬ್ಬೀ ಸಮುದ್ರದ ನಕ್ಷೆಯ ಮೇಲೆ ಹಸಿರು, ಕೆಂಪು ಬಾಣಗಳು ಇರುವೆಯ ಹಾಗೆ ಹರಿದಾಡುತ್ತಿರುತ್ತವೆ. ಹಸಿರು ಸರಕಿನ ಹಡಗು, ಕೆಂಪು ಟ್ಯಾಂಕರು. ಸಾರು ಬರುವ ಹೊತ್ತಿಗೆ ‘ಲಂಗರು ಎತ್ತಿದ’ ಎನ್ನುತ್ತಾರೆ. ಹೋಳಿಗೆ ಬರುವ ಹೊತ್ತಿಗೆ ‘ಪೈಲಟ್ ಹತ್ತಿದ’ ಎಂದು ಎದ್ದೇ ಬಿಡುತ್ತಾರೆ. ಕಕ್ಷಿದಾರ ಎಂಟು ತಿಂಗಳು ಇಮೇಲಿನಲ್ಲಿ ‘ದಯವಿಟ್ಟು ಬಾಕಿ ಪಾವತಿಸಿ’ ಎಂದು ಸೌಜನ್ಯ ತೋರಿಸಿ, ಹಡಗು ಹೊರಡಲು ಆರು ಗಂಟೆ ಇರುವಾಗ ಫೋನು ಮಾಡಿರುತ್ತಾನೆ. ಎಂಟು ತಿಂಗಳ ಕಡತವನ್ನು ಆರು ಗಂಟೆಯಲ್ಲಿ ದಾವೆ ಮಾಡಬೇಕು.

ದಾವೆಯೂ ವಿಚಿತ್ರ. ಇಲ್ಲಿ ಪ್ರತಿವಾದಿ ಮನುಷ್ಯನಲ್ಲ, ಹಡಗೇ. ಮಾಲೀಕ ಯಾರು, ಎಲ್ಲಿದ್ದಾನೆ ಎಂದು ಹುಡುಕುತ್ತ ಕೂತರೆ ಆಯುಷ್ಯ ಸಾಲದು. ಕೈಗೆ ಸಿಕ್ಕಿದ್ದು ಕಬ್ಬಿಣ, ಅದನ್ನೇ ಹಿಡಿ ಎಂಬುದು ಈ ಶಾಸ್ತ್ರದ ತಿರುಳು. ಹಡಗಿನ ಹೆಸರು, ಅದು ಹಾರಿಸುವ ಬಾವುಟ, ಜೊತೆಗೆ ಅದರ ಒಡಲು, ಎಂಜಿನ್, ಹಗ್ಗ, ಸರಪಳಿ, ಯಂತ್ರ, ಉಡುಪು, ಪೀಠೋಪಕರಣ ಎಂದು ವಕೀಲರು ಒಂದೇ ಉಸಿರಿನಲ್ಲಿ ಪಟ್ಟಿ ಕೊಡುತ್ತಾರೆ. ಹಡಗಿಗೆ ಉಡುಪು ಯಾವುದು ಎಂದು ಕಿರಿಯ ವಕೀಲೆ ಕೇಳಿದರೆ ಹಿರಿಯರು ಕನ್ನಡಕದ ಮೇಲಿನಿಂದ ನೋಡುತ್ತಾರೆ. ನೂರು ವರ್ಷದಿಂದ ಹಾಗೇ ಬರೆದುಕೊಂಡು ಬಂದಿದ್ದಾರೆ; ತೆಗೆದರೆ ಎದುರಾಳಿ ಅದನ್ನೇ ಹಿಡಿದು ಆಕ್ಷೇಪಣೆ ಎತ್ತಬಹುದು.

ಕರ್ನಾಟಕದವರಿಗೆ ಇದರಲ್ಲಿ ಪಾಲಿಲ್ಲ ಅಂದುಕೊಳ್ಳಬೇಡಿ. 2017ರ ಅಡ್ಮಿರಾಲ್ಟಿ ಕಾಯ್ದೆ 2018ರ ಏಪ್ರಿಲ್ 1ರಂದು ಜಾರಿಗೆ ಬಂದಾಗ, ಹಡಗು ಹಿಡಿಯುವ ಅಧಿಕಾರವುಳ್ಳ ಹೈಕೋರ್ಟುಗಳ ಪಟ್ಟಿಯಲ್ಲಿ ನಮ್ಮದೂ ಸೇರಿತು. ಕಬ್ಬನ್ ಪಾರ್ಕಿನ ಅಂಚಿನಲ್ಲಿ ಅದು ಕೂರುವ ಕೆಂಪು ಅಠಾರಾ ಕಚೇರಿ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಹತ್ತಿರದಲ್ಲಿ ನೀರೆಂದರೆ ಹಲಸೂರು ಕೆರೆ. ಅಲ್ಲಿಂದ ಸುಮಾರು 350 ಕಿಲೋಮೀಟರ್ ಆಚೆ, ಪಣಂಬೂರಿನಲ್ಲಿ ನಿಂತ ಹಡಗಿಗೆ ದಸ್ತಗಿರಿ ಆದೇಶ ಹೊರಡುತ್ತದೆ. ಮಳೆಗಾಲದಲ್ಲಿ ಶಿರಾಡಿ ಘಾಟಿ ಕುಸಿದಾಗ ಅಮೀನರು ಹೇಗೆ ತಲುಪುತ್ತಾರೆ ಎಂಬ ಚಿಂತೆ ಬೇಡ. ಬಂದರಿನವರಿಗೂ ಕಸ್ಟಮ್ಸ್‌ನವರಿಗೂ ಇಮೇಲ್ ಹೋದರೆ ಸಾಕು, ಹೊರಡುವ ಅನುಮತಿ ಸಿಗುವುದಿಲ್ಲ. ಹಿಂದಿನ ಕಾಲದಲ್ಲಿ ವಾರಂಟನ್ನು ಕೂವೆಮರಕ್ಕೆ ಮೊಳೆ ಹೊಡೆಯುತ್ತಿದ್ದರಂತೆ. ಈಗಿನ ಹಡಗಿನಲ್ಲಿ ಮೊಳೆ ಇಳಿಯುವಂಥ ಮರ ಎಲ್ಲಿದೆ? ಕಪ್ತಾನನ ಕೋಣೆಯ ಗಾಜಿಗೆ ಅಂಟುಟೇಪಿನಲ್ಲಿ ಅಂಟಿಸುತ್ತಾರೆ. ಐವತ್ತು ಸಾವಿರ ಟನ್ ಉಕ್ಕು ಅಷ್ಟಕ್ಕೇ ನಿಂತುಬಿಡುತ್ತದೆ.

ಒಮ್ಮೆ ನಿಂತಿತೋ, ವಕೀಲರ ಸ್ವಭಾವವೂ ತಿರುಗಿಬೀಳುತ್ತದೆ. ಬಂದರಿನಲ್ಲಿ ಸುಮ್ಮನೆ ನಿಂತ ಹಡಗು ದಿನಕ್ಕೆ ಲಕ್ಷಗಟ್ಟಲೆ ತಿನ್ನುತ್ತದೆ, ಆದ್ದರಿಂದ ಮಾಲೀಕ ಬ್ಯಾಂಕ್ ಗ್ಯಾರಂಟಿ ಕೊಟ್ಟು ಬಿಡಿಸಿಕೊಂಡು ಹೋಗುತ್ತಾನೆ. ಗ್ಯಾರಂಟಿ ಓಡಿಹೋಗುವ ಪ್ರಾಣಿಯಲ್ಲ. ಆ ಕ್ಷಣದಿಂದ ಇವರು ಗದ್ದೆಯ ವಕೀಲರೇ. ‘ಎಲಿಸಬೆತ್’ ಎಂಬ ಹಡಗಿನ ಕಥೆಯೇ ಇದೆಯಲ್ಲ. 1984ರ ಫೆಬ್ರವರಿಯಲ್ಲಿ ಗೋವೆಯ ಮಾರ್ಮಗೋವಾದಿಂದ ಸರಕು ಹೊತ್ತು ಹೋಯಿತು. ಸರಕು ಹತ್ತಿಸಿಕೊಂಡದ್ದಕ್ಕೆ ಕೊಡಬೇಕಾದ ರಸೀದಿ, ಅಂದರೆ ಬಿಲ್ ಆಫ್ ಲೇಡಿಂಗ್, ಕೊಡಲಿಲ್ಲ. ಏಪ್ರಿಲ್‌ನಲ್ಲಿ ಅದೇ ಹಡಗು ವಿಶಾಖಪಟ್ಟಣಕ್ಕೆ ಬಂದಾಗ ಆಂಧ್ರ ಹೈಕೋರ್ಟಿನ ಆದೇಶದಿಂದ ಹಿಡಿದರು. ಮಾಲೀಕರ ಪರ ವಕೀಲರು ತೆಗೆದ ತಕರಾರು ಕೇಳಿ: ನಿಮ್ಮ ಕೋರ್ಟಿನ ಅಧಿಕಾರ ಬಂದದ್ದು 1861ರ ಇಂಗ್ಲಿಷ್ ಕಾಯ್ದೆಯಿಂದ, ಅದರಲ್ಲಿ ಬಂದರಿಗೆ ಒಳಬಂದ ಸರಕಿನ ಮಾತಿದೆ, ನಮ್ಮದು ಹೊರಹೋದ ಸರಕು! ಹಡಗು ಭದ್ರತೆ ಕೊಟ್ಟು ಎಂದೋ ಹೊರಟುಹೋಗಿತ್ತು. ನಮ್ಮ ಹೈಕೋರ್ಟುಗಳ ಅಧಿಕಾರ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಹೆಪ್ಪುಗಟ್ಟಿ ಕೂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿದ್ದು 1992ರಲ್ಲಿ. ಎಂಟು ವರ್ಷ ಹಿಡಿದದ್ದು, ದಾವೆ ಕೇಳಬಹುದೋ ಇಲ್ಲವೋ ಎಂಬ ಒಂದೇ ಪ್ರಶ್ನೆಗೆ. ಈ ತೀರ್ಪಿನ ಹೆಸರು ಹೇಳುವಾಗ ಹಡಗಿನ ವಕೀಲರ ಮುಖದಲ್ಲಿ ಕುಲದೇವತೆಯನ್ನು ನೆನೆದ ಕಳೆ ಬರುತ್ತದೆ.

ಹಾಗೆಂದು ಕಡಲಿನಲ್ಲಿ ಸಿಕ್ಕಿಬಿದ್ದ ಎಲ್ಲ ಹಡಗಿನ ಮೇಲೂ ಇವರಿಗೆ ಪ್ರೀತಿಯಿಲ್ಲ. 2022ರ ಜೂನ್‌ನಲ್ಲಿ ಉಕ್ಕಿನ ಸುರುಳಿ ಹೊತ್ತ ‘ಪ್ರಿನ್ಸೆಸ್ ಮಿರಲ್’ ಉಳ್ಳಾಲದ ಬಳಿ ಸಿಕ್ಕಿಕೊಂಡಾಗ ಕರಾವಳಿ ಕಾವಲು ಪಡೆ ಸಿರಿಯಾದ 15 ನಾವಿಕರನ್ನೂ ಉಳಿಸಿತು. ಊರಿಗೆ ಊರೇ ನೋಡಲು ಹೋಯಿತು. ಹಡಗಿನ ವಕೀಲರ ಲೆಕ್ಕವೇ ಬೇರೆ: ಮುಳುಗಿದ್ದನ್ನು ಬಿಡಿಸಿಕೊಳ್ಳಲು ಯಾರು ಗ್ಯಾರಂಟಿ ಕೊಡುತ್ತಾರೆ? ಅಂಥ ಸಂದರ್ಭದಲ್ಲಿ ಅವರು ಅದೇ ಮಾಲೀಕನ ಇನ್ನೊಂದು ಹಡಗು ಎಲ್ಲಿ ತೇಲುತ್ತಿದೆ ಎಂದು ನಕ್ಷೆ ತೆರೆಯುತ್ತಾರೆ. 2025ರ ಮೇ 25ರಂದು ಕೊಚ್ಚಿಯಾಚೆ ‘ಎಂಎಸ್‌ಸಿ ಎಲ್ಸಾ 3’ ಮುಳುಗಿತು; ಕೇರಳ ಸರ್ಕಾರ 9,531 ಕೋಟಿ ರೂಪಾಯಿ ಕೇಳಿ ಹೈಕೋರ್ಟಿಗೆ ಹೋಯಿತು; ವಿಳಿಂಜಂ ಬಂದರಿನಲ್ಲಿದ್ದ ‘ಎಂಎಸ್‌ಸಿ ಅಕಿಟೆಟಾ 2’ ದಸ್ತಗಿರಿಯಾಯಿತು. ತಪ್ಪು ಮಾಡಿದ್ದು ತಳ ಸೇರಿತ್ತು, ಸಿಕ್ಕಿಬಿದ್ದದ್ದು ದಾಯಾದಿ.

ಹಡಗಿನ ವಕೀಲರ ಸಂಸ್ಥೆಗಳ ಒಳಗೆ ಎರಡು ಜಾತಿ. ಒಂದು, ಹಡಗು ನಡೆಸಿ, ಆಮೇಲೆ ಕಾನೂನು ಓದಿ ಬಂದ ಮಾಜಿ ಕಪ್ತಾನರು. ಇನ್ನೊಂದು, ಗೇಟ್‌ವೇಯಿಂದ ಎಲಿಫೆಂಟಾಕ್ಕೆ ಹೋಗುವ ಲಾಂಚಿನಲ್ಲೇ ಹೊಟ್ಟೆ ತೊಳಸಿಕೊಳ್ಳುವವರು. ಕಪ್ತಾನರು ‘ಅಲೆ ಅಷ್ಟು ಎತ್ತರ ಏಳುವುದಿಲ್ಲ ಕಣ್ರೀ’ ಎನ್ನುತ್ತಾರೆ. ಎರಡನೆಯವರು ‘1962ರ ಹಾಂಗ್‌ಕಾಂಗ್ ಫರ್ ತೀರ್ಪಿನ ಪ್ರಕಾರ ಏಳಬಹುದು’ ಎನ್ನುತ್ತಾರೆ. ಆ ತೀರ್ಪಿನಲ್ಲಿರುವುದು ಹಳೇ ಎಂಜಿನ್ನು, ಅದನ್ನು ನೋಡಿಕೊಳ್ಳಲು ಬಾರದ ಸಿಬ್ಬಂದಿ, ಅಲೆಯಲ್ಲ. ಆದರೆ ಮೀಟಿಂಗಿನಲ್ಲಿ ಅಷ್ಟು ನೆನಪಿರುವವರು ಕಡಿಮೆ.

ಮೂರನೆಯ ಮೇಜೂ ಒಂದಿದೆ. ಸಂಸ್ಥೆಯ ಬೋರ್ಡಿನಲ್ಲಿ ‘ಮತ್ತು ಸಾರಿಗೆ’ ಎಂದಿರುವುದರಿಂದ ಲಾರಿ, ರೈಲು, ವಿಮಾನದ ಕಡತ ನೋಡಲು ಒಬ್ಬರು ಬೇಕಲ್ಲ. ಹುಬ್ಬಳ್ಳಿಯಲ್ಲಿ ಮಗುಚಿದ ಟೈಲ್ಸ್ ಲೋಡಿನ ಕಡತ ಅವರ ಪಾಲಿಗೆ. ಸಂಸ್ಥೆಯ ಬಾಡಿಗೆ ಕಟ್ಟುವುದು ಬಹುಶಃ ಅವರೇ. ಆದರೂ ಗೋಡೆಯ ಮೇಲೆ ಲಾರಿಯ ಚಿತ್ರ ಹಾಕಿದ ಕಚೇರಿ ಇರಲಾರದು.

ರಾತ್ರಿ ಹನ್ನೊಂದಕ್ಕೆ ‘ಕ್ಲಬ್ಬಿನವರ ಜೊತೆ ಮಾತಾಡ್ತಿದ್ದೀನಿ’ ಎಂದು ಇವರು ಬಾಗಿಲು ಹಾಕಿಕೊಂಡಾಗ ಮನೆಯವರು ಗಾಬರಿಯಾಗಬೇಕಿಲ್ಲ. ಇಸ್ಪೀಟೂ ಇಲ್ಲ, ಗುಂಡೂ ಇಲ್ಲದ ಕ್ಲಬ್ಬು ಅದು. ಹಡಗು ಮಾಲೀಕರು ತಮ್ಮತಮ್ಮೊಳಗೇ ಕಟ್ಟಿಕೊಂಡ ವಿಮಾ ಸಂಘಗಳಿಗೆ ಆ ಹೆಸರು. ಮೊದಲನೆಯದು 1855ರಲ್ಲಿ ಲಂಡನ್ನಿನಲ್ಲಿ ಹುಟ್ಟಿತು. ಈಗ ಹನ್ನೆರಡು ದೊಡ್ಡ ಕ್ಲಬ್ಬುಗಳು ಸೇರಿ ಪ್ರಪಂಚದ ಸಾಗರ ದಾಟುವ ಹಡಗುಗಳ ಒಟ್ಟು ಟನ್ನೇಜಿನ ಸುಮಾರು ಶೇ 90ರಷ್ಟಕ್ಕೆ ರಕ್ಷೆ ಕೊಡುತ್ತವೆ. ವಕೀಲರ ಬಿಲ್ಲು ಪಾವತಿಯಾಗುವುದು ಅಲ್ಲಿಂದ. ಆದ್ದರಿಂದ ಕ್ಲಬ್ಬಿನ ಫೋನು ಬಂದರೆ ಎದ್ದು ನಿಂತೇ ಮಾತಾಡುವವರಿದ್ದಾರೆ.

ಇವರ ಹರಟೆಗೆ ಕೂತರೆ ಎದ್ದುಬರುವುದು ಕಷ್ಟ. ಅಚ್ಚುಮೆಚ್ಚಿನ ಕಥೆ ಒಂದು ಅಗ್ನಿಶಾಮಕ ವಾಹನದ್ದು. ಭಾರತ ಸರ್ಕಾರ ಕೊಂಡ ಆ ವಾಹನವನ್ನು ಲಂಡನ್ನಿನಲ್ಲಿ ಸಿಂಧಿಯಾ ಕಂಪನಿಯ ಹಡಗಿಗೆ ಎತ್ತುವಾಗ, ಹಡಗಿನ ಕಟಕಟೆ ದಾಟುವ ಮುಂಚೆಯೇ ಅದು ಕೆಳಗೆ ಬಿತ್ತು. ನಷ್ಟ ಸುಮಾರು 966 ಪೌಂಡ್. ಸಮುದ್ರ ಸಾಗಣೆಯ ನಿಯಮ ಅನ್ವಯಿಸಿದರೆ ಸಿಗುವುದು 200 ಪೌಂಡ್ ಮಾತ್ರ. ವಾಹನ ಗಾಳಿಯಲ್ಲಿ ತೂಗಾಡುತ್ತಿದ್ದಾಗ ನಿಯಮ ಶುರುವಾಗಿತ್ತೇ, ಕಟಕಟೆ ದಾಟಿದ ಮೇಲೆ ಶುರುವಾಗುತ್ತದೆಯೇ? 1954ರಲ್ಲಿ ನ್ಯಾಯಮೂರ್ತಿ ಡೆವ್ಲಿನ್, ಕ್ರೇನಿಗೆ ನೇತುಬಿದ್ದ ಸರಕಿನ ಜೊತೆ ಹೊಣೆಯೂ ಅತ್ತಿತ್ತ ತೂಗುವ ದೃಶ್ಯ ಕಂಡು ಹಿಗ್ಗಲು ವಿಪರೀತ ಉತ್ಸಾಹದ ವಕೀಲನೇ ಬೇಕು ಎಂಬರ್ಥದಲ್ಲಿ ಚುಚ್ಚಿ, 200 ಪೌಂಡೇ ಸಾಕೆಂದರು. ಅಂಥ ವಕೀಲರೇ ಇಂದಿಗೂ ಆ ಕಥೆಯನ್ನು ಹಿಗ್ಗಿನಿಂದ ಹೇಳುತ್ತಿದ್ದಾರೆ.

ಮಳೆಯ ಜಗಳವೂ ಸ್ವಾರಸ್ಯದ್ದೇ. ಸರಕು ಇಳಿಸಲು ಕೊಟ್ಟ ಗಡುವು ಮೀರಿದರೆ ಹಡಗಿಗೆ ದಂಡ ಕೊಡಬೇಕು. ಅದಕ್ಕೆ ಡೆಮರೇಜ್ ಎನ್ನುತ್ತಾರೆ. ಮಳೆ ಬಂದ ಹೊತ್ತು ಕರಾರಿನಂತೆ ಲೆಕ್ಕದಿಂದ ಬಿಟ್ಟುಹೋಗಬಹುದು. ಜುಲೈ ತಿಂಗಳ ಪಣಂಬೂರಿನಲ್ಲಿ ಮಳೆ ಎಷ್ಟು ಹೊತ್ತಿಗೆ ನಿಂತಿತು, ಎಷ್ಟು ಹೊತ್ತಿಗೆ ಮತ್ತೆ ಹನಿಯಿತು, ಹನಿದದ್ದು ಮಳೆಯೇ ತುಂತುರೇ ಎಂದು ಇಬ್ಬರು ವಕೀಲರು ನಿಮಿಷ ಹಿಡಿದು ವಾದಿಸುವುದನ್ನು ಕೇಳಿದ ಮಂಗಳೂರಿನವರು ನಕ್ಕಾರು. ಲಂಡನ್ನಿನ ಮಧ್ಯಸ್ಥಗಾರರು ನಗುವುದಿಲ್ಲ.

2021ರ ‘ಎವರ್ ಗಿವನ್’ ಹಡಗಿನ ಪ್ರಕರಣ ಇವರಿಗೆ ದೀಪಾವಳಿ. ಮಾಲೀಕರು ಜಪಾನಿನವರು, ಬಾಡಿಗೆಗೆ ಪಡೆದವರು ತೈವಾನಿನವರು, ನಿರ್ವಹಣೆ ಜರ್ಮನರದು, ಬಾವುಟ ಪನಾಮಾದ್ದು, ಸಿಬ್ಬಂದಿ 25 ಮಂದಿ ಭಾರತೀಯರು, ಸಿಕ್ಕಿಕೊಂಡದ್ದು ಈಜಿಪ್ಟಿನ ಸೂಯೆಜ್ ಕಾಲುವೆಯಲ್ಲಿ. ಮಾರ್ಚ್ 23ರಂದು ಮರಳಿಗೆ ಮೂತಿ ತೂರಿಸಿದ ಹಡಗು 29ರಂದು ಬಿಡುಗಡೆಯಾಯಿತು. ಕಾಲುವೆಯವರು ಮೊದಲು ಕೇಳಿದ್ದು 91.6 ಕೋಟಿ ಡಾಲರ್. ಕೋರ್ಟಿನ ಜಪ್ತಿಯಿಂದ ಹೊರಬಂದದ್ದು ಜುಲೈ 7ಕ್ಕೆ. ಮರಳು ಬಿಟ್ಟುಕೊಡಲು ಆರು ದಿನ, ವಕೀಲರು ಬಿಟ್ಟುಕೊಡಲು ನೂರು ದಿನ. ಅಷ್ಟರಲ್ಲಿ ಮಾಲೀಕರು ‘ಜನರಲ್ ಆವರೇಜ್’ ಘೋಷಿಸಿದ್ದರು. ಎಂದರೆ ಹಡಗನ್ನು ಉಳಿಸಿದ ಖರ್ಚಿಗೆ, ಸರಕಿಗೆ ಒಂದು ಗೀರೂ ಆಗದವರೂ ಜೇಬಿಗೆ ಕೈಹಾಕಬೇಕು. ಊರಹಬ್ಬದ ವಂತಿಗೆಯಂತೆ, ತೇರು ನೋಡದವನೂ ಕೊಡಲೇಬೇಕು. ರೋಡ್ಸ್ ದ್ವೀಪದ ಪ್ರಾಚೀನ ನಾವಿಕರ ಕಟ್ಟಳೆ ಇದು. ಒಂದು ಪೆಟ್ಟಿಗೆ ಚಪ್ಪಲಿ ತರಿಸಿದ ವ್ಯಾಪಾರಿಗೆ ಇದನ್ನು ಬಿಡಿಸಿ ಹೇಳುವುದು ಮಾತ್ರ ಕಿರಿಯ ವಕೀಲರ ಪಾಲಿನ ಕೆಲಸ.

ಇಷ್ಟೆಲ್ಲ ಕಸರತ್ತಿನ ನಡುವೆ ಇವರು ಒಮ್ಮೊಮ್ಮೆ ನಿಜಕ್ಕೂ ಒಳ್ಳೆಯವರಾಗಿಬಿಡುತ್ತಾರೆ. ಮಾಲೀಕ ದಿವಾಳಿಯೆದ್ದು, ತಿಂಗಳುಗಟ್ಟಲೆ ಸಂಬಳವಿಲ್ಲದೆ, ಡೀಸೆಲ್ ಮುಗಿದ ಹಡಗಿನಲ್ಲಿ ನಾವಿಕರು ಉಳಿದುಹೋಗುವುದುಂಟು. 2017ರ ಕಾಯ್ದೆಯ ಹಕ್ಕುಗಳ ಸಾಲಿನಲ್ಲಿ ಅವರ ಸಂಬಳಕ್ಕೆ ಮೊದಲ ಜಾಗ. ಅಡಮಾನ ಹಿಡಿದ ಬ್ಯಾಂಕು ಹಿಂದೆ ನಿಲ್ಲಬೇಕು. ಹಡಗು ಹರಾಜಾಗಿ ನಾವಿಕರ ಖಾತೆಗೆ ಹಣ ಬಿದ್ದ ದಿನ, ಬ್ಯಾಂಕಿನ ವಕೀಲರ ಮುಖ ನೋಡುವುದು ನಾವಿಕರ ವಕೀಲರಿಗೆ ಫೀಸಿಗಿಂತ ಹೆಚ್ಚು.

ಈಚೆಗೆ ಇವರ ಗ್ರಂಥಾಲಯದಲ್ಲಿ ಗದ್ದಲ. 1856ರ ಬಿಲ್ ಆಫ್ ಲೇಡಿಂಗ್ ಕಾಯ್ದೆ, 1908ರ ಬಂದರು ಕಾಯ್ದೆ, 1925ರ ಸಮುದ್ರ ಸರಕು ಸಾಗಣೆ ಕಾಯ್ದೆ, 1958ರ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆ, ನಾಲ್ಕರ ಜಾಗಕ್ಕೂ ಸಂಸತ್ತು 2025ರಲ್ಲಿ ಹೊಸದನ್ನು ತಂದಿತು. ಮೊದಲನೆಯದರಲ್ಲಿ ಇದ್ದದ್ದೇ ಮೂರು ಕಲಮು; ಆ ಮೂರರ ಮೇಲೆ ನಾಲ್ಕೈದು ತಲೆಮಾರು ಉಂಡಿತ್ತು. ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕೋಣವೇ ಎಂದು ಕಿರಿಯ ವಕೀಲೆ ಕೇಳಿದಳು. ಹಿರಿಯರು ಹೌಹಾರಿದರು. ಹಳೆಯ ಬಿಲ್ಲುಗಳ ಮೇಲಿನ ದಾವೆಗಳು ಮುಗಿಯಲು ಇನ್ನೂ ಇಪ್ಪತ್ತು ವರ್ಷವಾದರೂ ಬೇಡವೇ? ಹಳೆಯದು ಎಲ್ಲಿಯವರೆಗೆ, ಹೊಸದು ಎಲ್ಲಿಂದ ಎಂಬ ಬಗ್ಗೆ ಹನ್ನೆರಡು ಪುಟದ ಅಭಿಪ್ರಾಯ ಬರೆದು, ಕ್ಲಬ್ಬಿಗೆ ಬಿಲ್ಲು ಕಳಿಸಿಯೂ ಆಗಿದೆ.