ಕೋಕೋ ಡ್ರಮ್ಮಿಗೆ ಕಾಫಿ ಬೀಜ

ಬೆಳಿಗ್ಗೆ ತುಳಸಿಗೆ ನೀರು ಹಾಕುತ್ತಿದ್ದೆ. ಕಾಂಪೌಂಡ್ ಗೋಡೆಯ ಆಚೆಯಿಂದ ಗೌಡರ ತಲೆ ಕಾಣಿಸಿತು. ಅವರು ಮೂಡಿಗೆರೆಯವರು, ನಾನು ಪುತ್ತೂರಿನವನು. ಠಾಣೆ ಬಳಿಯ ಮುಂಬ್ರಾಕ್ಕೆ ಬಂದು ಇಪ್ಪತ್ತು ವರ್ಷವಾದರೂ ನಮ್ಮಿಬ್ಬರ ಮಾತು ಕಾಫಿಗೇ ಬಂದು ನಿಲ್ಲುತ್ತದೆ.

"ಭಟ್ರೇ, ಶೀಲ್‌ಫಾಟಾದ ಗುಜರಿ ಗೋಡೌನಿನಲ್ಲಿ ಹಳೇ ಹುರಿಯೋ ಮೆಷಿನ್ ಒಂದು ನೋಡ್ದೆ ಕಣ್ರೀ. ಕೋಕೋ ಹುರೀತಿದ್ದದ್ದಂತೆ. ಬೀಡುಕಬ್ಬಿಣದ ಮೈ, ಒಳ್ಳೇ ಡ್ರಮ್ಮು. ಊರಿಂದ ಹಸಿ ಬೀಜ ತರಿಸಿ ನಾವೇ ಹುರಿದ್ರೆ ಹೇಗೆ?"

ಕೊಡ ಕೆಳಗಿಟ್ಟೆ. ಅಡಿಕೆ ಮರಗಳ ನಡುವೆ ಕೋಕೋ ಬೆಳೆದ ಮನೆಯವನು ನಾನು. 1986ರಲ್ಲಿ ಪುತ್ತೂರಿನಲ್ಲಿ ಕ್ಯಾಂಪ್ಕೋದ ಚಾಕೊಲೇಟ್ ಕಾರ್ಖಾನೆ ಶುರುವಾದಾಗ ನಮ್ಮ ತೋಟದ ಬೀಜಕ್ಕೆ ನಮ್ಮೂರಲ್ಲೇ ಒಂದು ದಾರಿಯಾಯಿತು. ಇಲ್ಲಿಗೆ ಬಂದ ಮೇಲೂ ಠಾಣೆಯ ಕ್ಯಾಡ್ಬರಿ ಜಂಕ್ಷನ್ ದಾಟುವಾಗೆಲ್ಲ ಅಪ್ಪ ಅಂಗಳದಲ್ಲಿ ಕೋಕೋ ಒಣಗಿಸುತ್ತಿದ್ದದ್ದು ನೆನಪಾಗುತ್ತದೆ.

"ಆಗದೆ ಏನು ಮಾರಾಯ್ರೆ" ಅಂದೆ. "ಜರ್ಮನಿಯ ಬಾರ್ತ್ ಕಂಪನಿಯವರ ಸಿರೊಕ್ಕೊ ಎಂಬ ಹಳೆಯ ಯಂತ್ರಗಳಲ್ಲಿ ಕೋಕೋವನ್ನೂ ಹುರಿದಿದ್ದಾರೆ, ಕಾಫಿಯನ್ನೂ ಹುರಿದಿದ್ದಾರೆ. ಆದರೆ ಅದು ಯಾವುದರಿಂದ ಕಾಯುತ್ತದೆ, ನೋಡಿದ್ರಾ?"

ಗೌಡರು ನೋಡಿರಲಿಲ್ಲ. ಮುಖ್ಯ ವಿಷಯವೇ ಅದು. ಕೋಕೋಗೆ 120ರಿಂದ 140 ಡಿಗ್ರಿ ಆಸುಪಾಸಿನ ಶಾಖ ಸಾಕು. ಅರ್ಧ ಗಂಟೆ ನಿಧಾನಕ್ಕೆ ಹುರಿಯುತ್ತಾರೆ. ಕಾಫಿ ಬೀಜ ಚಟಪಟ ಸಿಡಿಯುವುದೇ 195 ಡಿಗ್ರಿ ದಾಟಿದ ಮೇಲೆ, ಅದೂ ಹತ್ತು ಹದಿನೈದು ನಿಮಿಷದೊಳಗೆ. ಯಂತ್ರ ಬಾಯ್ಲರಿನ ಹಬೆಯಿಂದ ಕಾಯುವಂಥದ್ದಾದರೆ ಕೈಬಿಡಬೇಕು. ಎಂಟು ಬಾರ್ ಒತ್ತಡದ ಹಬೆಯೂ 175 ಡಿಗ್ರಿಯ ಹತ್ತಿರ ನಿಂತುಬಿಡುತ್ತದೆ. ಅದರಲ್ಲಿ ಕಾಫಿ ಬೇಯುತ್ತದೆ, ಹುರಿಯುವುದಿಲ್ಲ. ಕೆಳಗೆ ಬೆಂಕಿ ಉರಿಯುವ ಡ್ರಮ್ ಆದರೆ ದೊಡ್ಡ ಬರ್ನರ್ ಕೂರಿಸಬಹುದು. ಆಗ ಬೇರಿಂಗಿಗೂ ಹೆಚ್ಚು ಶಾಖ ತಡೆಯುವ ಗ್ರೀಸ್ ಬೇಕು.

"ಬೆಂಕಿ ನಾನು ನೋಡ್ಕೋತೀನಿ. ನಮ್ಮಜ್ಜಿ ಸೌದೆ ಒಲೆ ಮೇಲೆ ಕೈಯಲ್ಲಿ ತಿರುಗಿಸೋ ಡಬ್ಬದಲ್ಲೇ ಹುರೀತಿದ್ರು" ಅಂದರು ಗೌಡರು.

"ಹುರಿದ ಮೇಲೆ ಅಜ್ಜಿ ಏನು ಮಾಡ್ತಿದ್ರು?"

"ಮೊರಕ್ಕೆ ಸುರಿದು ಬೀಸ್ತಿದ್ರು."

ಆ ಮೊರವನ್ನು ಜನ ಮರೆಯುತ್ತಾರೆ. ಸಿಡಿದ ಬೀಜದೊಳಗೆ ಬೆಂಕಿ ಇನ್ನೂ ಇರುತ್ತದೆ. ಒಲೆ ಆರಿಸಿದರೂ ಅದು ತನ್ನಷ್ಟಕ್ಕೇ ಕಪ್ಪಾಗುತ್ತ ಹೋಗುತ್ತದೆ. ನಾಲ್ಕೈದು ನಿಮಿಷದಲ್ಲಿ ತಣಿಯದಿದ್ದರೆ ಅಜ್ಜಿಯ ಕೈರುಚಿಯೂ ಉಳಿಯದು. ಕೋಕೋಗೆ ಅಂಥ ಅವಸರವಿಲ್ಲ, ಹಾಗಾಗಿ ಅದರ ಯಂತ್ರದ ತಣಿಸುವ ತಟ್ಟೆಯನ್ನು ನಂಬುವಂತಿಲ್ಲ. ಕೆಳಗಿನಿಂದ ಗಾಳಿ ಎಳೆಯುವ ಜಾಲರಿ ತಟ್ಟೆ, ಅದಕ್ಕೊಂದು ಬ್ಲೋವರ್ ನಾವೇ ಮಾಡಿಸಬೇಕು. ನನ್ನ ಮಟ್ಟಿಗೆ ಡ್ರಮ್ಮಿಗಿಂತ ಇದಕ್ಕೇ ಹಣ ಹಾಕಬೇಕು. ಹೊಗೆಯ ಕೊಳವೆಯೂ ಬೇರೆ ಬೇಕು. ಕಾಫಿಯ ತೆಳು ಹೊಟ್ಟು ಹಗುರ, ಕೊಳವೆಯಲ್ಲಿ ಕೂತರೆ ಕಿಡಿ ತಗುಲಿ ಹೊತ್ತಿಕೊಳ್ಳುತ್ತದೆ.

ಇನ್ನು ವಾಸನೆ. ಕೋಕೋ ಬೀಜದಲ್ಲಿ ಅರ್ಧದಷ್ಟು ಕೊಬ್ಬೇ. ವರ್ಷಗಟ್ಟಲೆ ಹುರಿದ ಡ್ರಮ್ಮಿನ ಸಂದುಗೊಂದುಗಳಲ್ಲಿ ಅದು ಜಿಡ್ಡಾಗಿ ಕೂತು ಮುಗ್ಗಲು ಹಿಡಿದಿರುತ್ತದೆ. ಬಿಚ್ಚಿ ಕೆರೆದು, ಖಾಲಿ ಡ್ರಮ್ಮನ್ನು ಚೆನ್ನಾಗಿ ಕಾಯಿಸಿ, ಅಗ್ಗದ ಬೀಜ ಎರಡು ಮೂರು ಸಲ ಹುರಿದು ಚೆಲ್ಲಬೇಕು. ಚೆಲ್ಲುವುದಕ್ಕೆ ಗೌಡರ ಮನಸ್ಸು ಒಪ್ಪಲಿಲ್ಲ. ಕಾಫಿ ತೋಟದವರಲ್ಲವೇ, ನನಗೆ ಅರ್ಥವಾಯಿತು.

"ಹತ್ತು ಕಿಲೋ ಹಸಿ ಬೀಜ ಹಾಕಿದ್ರೆ ಕೈಗೆ ಬರೋದೇ ಎಂಟೂವರೆ ಕಿಲೋ. ಅದ್ರಲ್ಲೂ ಚೆಲ್ಲೋದಾ?"

"ಮೊದಲ ಎರಡು ಮೂರು ಸಲ ಮಾತ್ರ ಗೌಡ್ರೇ. ಆಮೇಲೆ ಒಂದು ಬೀಜವೂ ಹಾಳಾಗದು."

ಭಾನುವಾರ ಶೀಲ್‌ಫಾಟಾಗೆ ಹೋಗುವುದೆಂದು ಮಾತಾಗಿದೆ. ಡ್ರಮ್ಮಿನ ಕೆಳಗೆ ಬೆಂಕಿಯ ಮಸಿ ಇದ್ದರೆ ಕೊಳ್ಳುತ್ತೇವೆ. ಹಬೆಯ ಕೊಳವೆ ಕಂಡರೆ ಬರಿಗೈಯಲ್ಲಿ ವಾಪಸು.